ಕೋಣೆಯ ಸದ್ದು

ನನ್ನ ಕೆಲಸ ಕೋಲು ಹಿಡಿಯುವುದು.
ಕೋಲಿನ ತುದಿಗೆ ಮೈಕು, ಮೈಕಿಗೆ ಬೂದು ತುಪ್ಪಟ;
ಮಕ್ಕಳು ಅದಕ್ಕೆ ಕಾಡುಬೆಕ್ಕು ಎಂದು ಹೆಸರಿಟ್ಟಿದ್ದಾರೆ.
ಸಂಸ್ಥೆಯವರು ಮೂಡಿಗೆರೆಯಲ್ಲಿ ರೂಮು ಹಿಡಿದಾಗ
ಟೈಪಿಂಗ್ ಬರುವ ಹುಡುಗಿ ಬೇಕು ಅಂದರು, ಹೋದೆ.
ಕೊಟ್ಟದ್ದು ಕೋಲು.
ತಿಂಗಳಿಗೆ ಒಂಬತ್ತು ಸಾವಿರ, ಬಸ್ ಚಾರ್ಜು ಬೇರೆ.

ಗುಡ್ಡ ಇಳಿದು ಹದಿನಾಲ್ಕು ತಿಂಗಳಾಗಿತ್ತು.
ಕೆಂಜಿಗೆಹಾಡಿಯ ಏಳು ಮನೆ ಇದ್ದ ಕಡೆ
ಲಂಟಾನ ಎದ್ದಿತ್ತು, ಮತ್ತೆ ಒಂದು ನೀಲಿ ಡ್ರಮ್ಮು,
ಯಾರದೆಂದು ಇನ್ನೂ ಇತ್ಯರ್ಥವಾಗದ್ದು.

ಮೊದಲ ದಿನ ಐಸಮ್ಮ ಕೇಳಿದಳು:
"ಟೀವಿಯವರು ಬಂದು ಅಳಿ ಅಂದರು, ಅತ್ತೆವು.
ನೀವೇನು ಅನ್ನುತ್ತೀರಿ?"
ವಾರಿಜಾ ಮೇಡಂ ಆ ದಿನ ಕ್ಯಾಮೆರಾ ತೆಗೆಯಲಿಲ್ಲ.
ಮರುದಿನವೂ.
ಕೂತು ಕಾಳುಮೆಣಸು ಬಿಡಿಸಿದೆವು.
ಮೂರನೇ ದಿನ ಐಸಮ್ಮನೇ,
"ಆ ಪೆಟ್ಟಿಗೆ ಎಷ್ಟು ದಿನ ಬಸುರಿಯ ಹಾಗೆ ಕೂರುತ್ತೆ, ತೆಗೀರಿ."

ಹಾಗೆ ಶುರು.
ತೆಗೆದದ್ದನ್ನೆಲ್ಲ ಶನಿವಾರ ರಾತ್ರಿ
ಶಾಲೆಯ ಜಗಲಿ ಕಂಬಗಳಿಗೆ ಬೆಡ್‌ಶೀಟು ಕಟ್ಟಿ ತೋರಿಸುವುದು.
ಬೇಡ ಅಂದದ್ದು ಬೇಡ. ಕತ್ತರಿ ಅವರ ಕೈಯಲ್ಲಿ.
ಸೆಲ್ವಿ ತಾನು ಅತ್ತದ್ದನ್ನು ತೆಗೆಸಿದಳು,
ಪರಿಹಾರದ ಫಾರಂ ವಾಪಸು ಎಸೆದ ಗುಮಾಸ್ತನಿಗೆ
ಬೈದದ್ದನ್ನು ಮಾತ್ರ ಎರಡು ಸಲ ಇಡಿ ಅಂದಳು.
"ಈ ಮುದುಕ ಯಾರಯ್ಯಾ?" ಅಂತ ಹೂವಯ್ಯ
ತನ್ನನ್ನೇ ನೋಡಿ ನಕ್ಕ;
ಬೆಳಗಾದರೆ ಕ್ಷೌರದಂಗಡಿಯಲ್ಲಿದ್ದ.

ಫಕೀರಪ್ಪ ಬೆಡ್‌ಶೀಟಿನ ಹಿಂದೆ ನಿಲ್ಲುತ್ತಿದ್ದ,
ಎಲ್ಲ ಎಡಬಲವಾಗಿ ಕಾಣುವ ಕಡೆ.
ಗದಗಿನವನು. ರಸ್ತೆ ಕೆಲಸಕ್ಕೆ ಜೆಸಿಬಿ ಓಡಿಸುತ್ತಾನೆ.
ಅವತ್ತು ಮಣ್ಣು ತೆಗೆದವನು.
ಅವನ ಮನೆ ಹೋಗಿರಲಿಲ್ಲ, ಅವನವರು ಯಾರೂ ಸತ್ತಿರಲಿಲ್ಲ,
ಅದಕ್ಕೇ ಯಾವ ಪಟ್ಟಿಯಲ್ಲೂ ಹೆಸರಿರಲಿಲ್ಲ.
ನಮ್ಮದರಲ್ಲೂ.

ಕೊನೆಯ ದಿನ ಮೇಡಂ ಅಂದರು:
ಈ ಕೋಣೆಯ ಸದ್ದು ಬೇಕು, ಒಂದು ನಿಮಿಷ.
ಮಾತು ಕತ್ತರಿಸಿದ ಕಡೆ ತೇಪೆ ಹಾಕಲಿಕ್ಕೆ.
ಯಾರೂ ಅಲುಗಾಡಬೇಡಿ, ಮಾತು ಬೇಡ.
ನಾನು ಕೋಲು ಎತ್ತಿದೆ.

ಅವರು ಬೇರೆಯೇ ತಿಳಿದರು.
ಐಸಮ್ಮ ತಲೆವಸ್ತ್ರ ಸರಿಮಾಡಿಕೊಂಡಳು.
ಹೂವಯ್ಯ ಎದ್ದು ನಿಂತ. ಒಬ್ಬೊಬ್ಬರಾಗಿ ಎಲ್ಲರೂ.
ಹಾಗಲ್ಲ ಅನ್ನಲು ಮೇಡಂ ಬಾಯಿ ತೆರೆದರು,
ಮುಚ್ಚಿದರು.

ಹೆಡ್‌ಫೋನಿನೊಳಗೆ ನನಗೆ ಕೇಳಿಸಿದ್ದು:
ಗೋಡೆ ಗಡಿಯಾರ.
ಬಿಸಿಯೂಟದ ಪಾತ್ರೆ ನೆಕ್ಕುವ ನಾಯಿ.
ಯಾರದೋ ಹೊಟ್ಟೆಯ ಗುಡುಗುಡು.
ಹತ್ತೊಂಬತ್ತು ಜನರ ಉಸಿರು.
ಎಲ್ಲ ಕೂಡಿ ಒಂದೇ ಆಯಿತು ಅಂತ ಬರೆಯಲಾರೆ,
ಬೇರೆ ಬೇರೆಯೇ ಇತ್ತು.

ನಲವತ್ತನೇ ಸೆಕೆಂಡಿಗೆ, ಬಾಗಿಲ ಕಡೆಯಿಂದ, ಮೆಲ್ಲಗೆ:
"ಅವತ್ತ ಎಂಜಿನ್ ಬಂದ್ ಮಾಡಂದ್ರು,
ಒಳಗ ಯಾರರ ಕೂಗ್ತಾರೇನ ಕೇಳೂಣಂತ.
ಬಂದ್ ಮಾಡಿದೆ. ಹಿಂಗ ಇತ್ತು, ಇದ ಸಪ್ಪಳ.
ಏನೂ ಕೇಳಲಿಲ್ಲ. ಮತ್ತ ಚಾಲೂ ಮಾಡಿದೆ.
ಲಗೂನ ಚಾಲೂ ಮಾಡಿದ್ನೇನ್ರೀ?"

ಮೀಟರಿನ ಮುಳ್ಳು ಹಾರಿ ಬಿತ್ತು. ಟೇಕು ಕೆಟ್ಟಿತು.
ಕೋಲು ಅವನ ಕಡೆ ತಿರುಗಿಸಬೇಕೋ ಬಾರದೋ
ಯಾರೂ ಹೇಳಿಕೊಟ್ಟಿರಲಿಲ್ಲ.

ಐಸಮ್ಮ ತಿರುಗದೆಯೇ ಕೇಳಿದಳು:
"ನನ್ನ ಸಫಿಯಾಳನ್ನು ಬಕೆಟ್ಟಿನಿಂದ ಎತ್ತಿದೆಯಾ, ಕೈಯಿಂದಲಾ?"
"ಕೈಲೆ," ಅಂದ.
ಸ್ವಲ್ಪ ಬಿಟ್ಟು, "ಕೈಲೆರೀ."
ಪಕ್ಕದ ಬೆಂಚಿನ ಧೂಳನ್ನು ಅವಳು ಅಂಗೈಯಲ್ಲಿ ಒರೆಸಿದಳು.
ಅವನು ಬಂದು ಕೂರಲು ಬಹಳ ಹೊತ್ತು ಹಿಡಿಯಿತು.

ಸಿನಿಮಾದಲ್ಲಿ ಇದಿಲ್ಲ. ಅವನು ಬೇಡ ಅಂದ.
ಮೊದಲಿನ ನಲವತ್ತು ಸೆಕೆಂಡು ಬೇಕಾರ ಇಟ್ಕೋರಿ ಅಂದ.
ಇಲ್ಲಿ ಬರೆಯಲೇ ಅಂತಲೂ ಕೇಳಿದೆ;
ಹೆಸರು ಬದಲಿಸು ಅಂದ, ಬದಲಿಸಿದ್ದೇನೆ.

ಹೂವಯ್ಯ ಮಾತು ನಿಲ್ಲಿಸಿ ಲೋಟದ ನೀರು ಕುಡಿಯುವಾಗ
ಹಿಂದೆ ಇರುವುದು ಅದೇ ಸದ್ದು.
ನೋಡಿದವರು ಅಲ್ಲೇನೂ ಇಲ್ಲ ಅನ್ನುತ್ತಾರೆ.
ಐಸಮ್ಮ ಆ ಜಾಗ ಬಂದಾಗ ಮಾತ್ರ
ಪಕ್ಕದವರಿಗೆ ಸುಮ್ಮನಿರಿ ಅನ್ನುತ್ತಾಳೆ.