ಮೂರು ಅಡಿ ಮೇಲೆ

ಕೂತ್ಕೋ ಮನ್ವಿತ್, ಬಲ್ಬಿನ ಕಡೆಗೆ ಮುಖ ಮಾಡು.
ಬಣ್ಣ ಹಚ್ಚುವಾಗ ಮಾತಾಡಬಾರದು,
ಕೆನ್ನೆ ಬಿರಿಯುತ್ತದೆ.
ನೀನು ಕೇಳಿದ್ದಕ್ಕೆ ನಾನೇ ಹೇಳ್ತಾ ಹೋಗ್ತೇನೆ.

ಇದರಲ್ಲಿ ಮೇಲೆ ಬರುವುದು ಹೇಗೆ ಅಂತ ಅಲ್ವಾ?
ಮೇಲೆ ಅಂದರೆ ಎಂತ ಮಾರಾಯ,
ರಂಗಸ್ಥಳ ನೆಲದಿಂದ ಮೂರೇ ಅಡಿ.

ನನಗೆ ಮೊದಲ ವರ್ಷ ಕೋಡಂಗಿ.
ಜನ ಇನ್ನೂ ಚುರುಮುರಿ ಗಾಡಿಯ ಹತ್ತಿರ,
ಮೈಕಿನವನು ವಯರು ಎಳೆಯುತ್ತಿದ್ದಾನೆ,
ಎದುರಿನ ಕುರ್ಚಿಯಲ್ಲಿ ಒಂದು ನಾಯಿ.
ಆ ನಾಯಿಗಾಗಿ ಕುಣಿದೆ.
ರಾತ್ರಿಗೆ ಮೂವತ್ತು ರೂಪಾಯಿ, ಎರಡು ಊಟ,
ಮಲಗಲು ಪೆಟ್ಟಿಗೆಗಳ ನಡುವೆ ಉಳಿದಷ್ಟು ಜಾಗ.

ಐತಪ್ಪ ಗಟ್ಟಿಯವರು ತಾಳ ಕಲಿಸಿದ್ದು
ಮುಚ್ಚಿದ ಹಂಚಿನ ಕಾರ್ಖಾನೆಯ ಜಗಲಿಯಲ್ಲಿ,
ಸೀಮೆಎಣ್ಣೆ ಡಬ್ಬಿ ಬಡಿದು.
ತಪ್ಪಿದರೆ ಬೈಯುತ್ತಿರಲಿಲ್ಲ,
ಇನ್ನೊಮ್ಮೆ ಬಡಿಯುತ್ತಿದ್ದರು, ಡಬ್ಬಿಗೇ.
ಅದು ನನಗೆ ಇನ್ನೂ ನೋಯುತ್ತದೆ.

ನಾಲ್ಕನೇ ವರ್ಷ ಸೀರೆ ಸಿಕ್ಕಿತು.
ಹೆಣ್ಣಿನ ನಡೆ ಎಲ್ಲಿ ಕಲಿತದ್ದು ಅಂತ ಸನ್ಮಾನದ ಸಭೆಗಳಲ್ಲಿ ಕೇಳ್ತಾರೆ.
ಗುರುಗಳ ಹೆಸರು ಹೇಳ್ತೇನೆ, ಹೇಳಲೇಬೇಕು.
ನಿಜ ಬೇರೆ ಉಂಟು.
ಬಂದರಿನಲ್ಲಿ ಮೀನಿನ ಬುಟ್ಟಿ ಇಳಿಸಿ
ಸೆರಗಿನಲ್ಲಿ ಕತ್ತು ಒರೆಸಿಕೊಂಡಳು ಒಬ್ಬಾಕೆ,
ನನ್ನನ್ನು ನೋಡಲೂ ಇಲ್ಲ.
ನನ್ನ ರಾಣಿಯರೆಲ್ಲ ಇಪ್ಪತ್ತು ವರ್ಷ
ಹಾಗೆಯೇ ಕತ್ತು ಒರೆಸಿಕೊಂಡರು.

ತುಟಿ ಅಲುಗಿಸಬೇಡ.

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ
ಐದಾರು ತಿಂಗಳು ಯಾರೂ ರಾಣಿ ಅಲ್ಲ.
ಕಂಕನಾಡಿಯ ಬೇಕರಿಯಲ್ಲಿ ಹಿಟ್ಟು ನಾದಿದೆ,
ಪೊಟ್ಟಣ ಕಟ್ಟಿದೆ.
ಒಂದು ಸಂಜೆ ಒಬ್ಬರು ಅಜ್ಜಿ, ನಾನು ನೂಲು ಸುತ್ತುವುದನ್ನೇ ನೋಡಿ,
"ಈ ಕೈಯನ್ನು ಎಲ್ಲೋ ನೋಡಿದ್ದೇನೆ" ಅಂದರು.
ಮುಖ ಅಲ್ಲ, ಕೈ.
ಮತ್ತೆ ಚಿಲ್ಲರೆ ಎಣಿಸಿ ಕೊಟ್ಟು ಹೋದರು.
ಅಷ್ಟು ದೊಡ್ಡ ಪ್ರಶಸ್ತಿ ಆಮೇಲೆ ಬರಲಿಲ್ಲ.

ಕೆಂಜಾರಿನ ಗದ್ದೆಯಲ್ಲಿ ಆಟ, ಅದೊಂದು ಹೇಳಿಬಿಡ್ತೇನೆ.
ಗಂಡ ಕಾಡಿನಲ್ಲಿ ಬಿಟ್ಟುಹೋದ ರಾತ್ರಿ,
ರಾಣಿ ಒಬ್ಬಳೇ.
ಭಾಗವತರು ಪದ ಎತ್ತಿದ್ದಾರೆ, ಗಂಟೆ ಎರಡೂವರೆ,
ದುಬೈ ವಿಮಾನ ನಮ್ಮ ತಲೆ ಸವರಿಕೊಂಡೇ ಇಳಿಯಿತು.
ಚೆಂಡೆಯೇ ಕೇಳುವುದಿಲ್ಲ, ಇನ್ನು ನನ್ನ ಅಳು!
ಎಂತ ಮಾಡುವುದು?
ತಲೆ ಎತ್ತಿ ನೋಡಿದೆ.
ಸದ್ದು ಆರುವವರೆಗೆ ನೋಡಿದೆ.
"ಇಷ್ಟು ಜನರನ್ನು ಹೊತ್ತು ತಂದೆಯಲ್ಲ,
ನನ್ನವನೊಬ್ಬ ಇರಲಿಲ್ಲವೇ ಅದರಲ್ಲಿ?"
ಹಿಂದಿನಿಂದ ಯಾರೋ ನಕ್ಕರು.
ಎದುರು ಚಾಪೆಯಲ್ಲಿ ಮಗುವನ್ನು ಮಲಗಿಸಿಕೊಂಡಿದ್ದವಳು
ಸೆರಗು ಬಾಯಿಗೆ ಒತ್ತಿಕೊಂಡಳು.
ಆಮೇಲೆ ಯಾರೂ ನಗಲಿಲ್ಲ.

ಚೌಕಿಯಲ್ಲಿ ಭಾಗವತರು ಚೆನ್ನಾಗಿ ಬೈದರು,
ಕಾಡಿಗೆ ವಿಮಾನ ತರುವವ ನೀನು ಯಾರು ಅಂತ.
ಮುಂದಿನ ವರ್ಷ ಅದೇ ಗದ್ದೆ, ಅದೇ ಪದ.
ಅರ್ಧಕ್ಕೆ ಉಸಿರು ಹಿಡಿದು
ಆಕಾಶ ನೋಡಿದರು ಅವರೇ.
ವಿಮಾನ ಅಂದು ತಡ.

ಈ ಸಲ ಮ್ಯಾನೇಜರು ಕರೆದು ಚಾ ಕೊಟ್ಟರು.
ಚಾ ಕೊಟ್ಟಾಗಲೇ ಗೊತ್ತಾಯಿತು.
ಸ್ವರ ದಪ್ಪ ಆಗಿದೆ, ಹೊಟ್ಟೆಯೂ.
ನನಗೆ ಇನ್ನು ಮುದಿ ಮಂತ್ರಿ, ಓಲೆ ತರುವವ,
ಬೆಳಗಿನ ಜಾವದ ಋಷಿ.
ಸೀರೆ ನಿನಗೆ.
ಬೇಸರವಾ? ಇಲ್ಲ ಅಂದರೆ ಸುಳ್ಳು,
ಹೌದು ಅಂದರೆ ನಿನ್ನ ಕಾಡಿಗೆ ಸೊಟ್ಟ ಹೋಗುತ್ತದೆ.

ಕಣ್ಣು ಮುಚ್ಚು. ಈಗ ತೆರೆ.
ಆ ಕನ್ನಡಿ ನನ್ನದೇ, ಮೂಲೆ ಒಡೆದಿದೆ,
ಎಡಗೆನ್ನೆ ಎರಡೆರಡು ಕಾಣುತ್ತದೆ,
ಅಭ್ಯಾಸ ಆಗುತ್ತದೆ.

ಇವತ್ತು ಮೂಲ್ಕಿ. ಇಲ್ಲಿ ವಿಮಾನ ಇಲ್ಲ,
ರೈಲು ಉಂಟು, ಎರಡು ನಲವತ್ತಕ್ಕೆ.
ಅದಕ್ಕೆ ಎಂತ ಹೇಳಬೇಕು ಅಂತ
ನಾನು ಹೇಳಿಕೊಡುವುದಿಲ್ಲ.