ಕೊರಳಿನ ಅಳತೆ

ಗುಳೇದಗುಡ್ಡದ ಖಣ ಮಡಚಿ ತಂದಿದ್ದಳು ಸಾಂವಕ್ಕ
ಸವದತ್ತಿ ಪೇಟೆಯ ನನ್ನ ಮಿಷಿನ್ನಿನ ಮುಂದೆ.
ಹಿಂದೆ ಮಗ. ಸರಿಯಾಗಿ ಮೂಡದ ಮೀಸೆಯನ್ನೂ ಬೋಳಿಸಿದ ತುಟಿ,
ಕೊರಳಲ್ಲಿ ಮೊನ್ನೆ ಕಟ್ಟಿಸಿದ ಕೆಂಪು-ಬಿಳಿ ಮುತ್ತು.

"ಇಂವಗೊಂದು ಕುಬಸ," ಅಂದಳು. ತಡೆದು,
"ಈಕಿಗೆ."

ಅಳತೆ ಪುಸ್ತಕದಲ್ಲಿ ಹೆಸರಿನ ಜಾಗ ಬಿಟ್ಟು ಬರೆದೆ:
ತೋಳು ಒಂಬತ್ತು, ಎದೆ ಮೂವತ್ತೆರಡು.
ಟೇಪು ಕೊರಳಿಗೆ ಬಂದಾಗ ಸಾಂವಕ್ಕ
ಗೋಡೆಯ ಎಲ್ಲಮ್ಮನ ಕ್ಯಾಲೆಂಡರನ್ನು ಕೇಳುವಂತೆ ಕೇಳಿದಳು:
"ಅಪ್ಪ ಅಂದ ಅಂತ ಕೊಡಲಿ ಎತ್ತಿದನಲ್ಲ ಪರಶುರಾಮ,
ಅವ್ವ ತಿರುಗಿ ಎದ್ದ ದಿನ
ಅವಗ ರೊಟ್ಟಿ ಯಾರು ಬಡದರು?"

ನಾನು ಬಾಯಲ್ಲಿ ಸೂಜಿ ಕಚ್ಚಿದ್ದೆ.
ತಲೆ ಒಬ್ಬಳದು, ಮೈ ಮತ್ತೊಬ್ಬಳದು ಅಂತಾರೆ ಮಂದಿ.
ದರ್ಜಿಯವನ ಚಿಂತೆ ಬೇರೆ:
ಜೋಡಿಸಿದ ಹೊಲಿಗೆ ಎಲ್ಲಿ, ಯಾವ ದಾರ,
ಬ್ಯಾಸಗಿಗೆ ಅಲ್ಲಿ ಕಡಿತ ಏಳುತ್ತದೋ ಏನೋ.

"ಇವರಪ್ಪನೂ ಅಂದ. ನನಗ ಅಂದ:
ಕಡದ ಒಗಿ ಇದನ್ನ, ನಮ್ಮದಲ್ಲ."
ಖಣದ ಅಂಚು ಸವರಿದಳು.
"ನಾ ಗುಳೇದಗುಡ್ಡದ ಬಸ್ ಹತ್ತಿದೆ."

ಕತ್ತರಿ ಎತ್ತಿದೆ. ಅಷ್ಟರಲ್ಲಿ ಕೈ ಹಿಡಿದಳು.
"ಹೊಲಿಗಿ ಒಳಗ ಎರಡು ಬೆರಳು ಬಟ್ಟಿ ಬಿಡು, ಯಣ್ಣಾ.
ಇನ್ನಾ ಬೆಳಿಯೋ ಹುಡುಗಿ."