ಹಿಂತಿರುಗುವ ಮೈಲಿ

ಹೋಗಲಿಕ್ಕೆ ಇನ್ನೂರ ಹನ್ನೆರಡು ಮೈಲಿ.
ಪೆಟ್ರೋಲು, ಇಬ್ಬರ ಓವರ್‌ಟೈಮು, ಕೈದಿಗೊಂದು ಚೀಸ್ ಬ್ರೆಡ್ಡು:
ಕೌಂಟಿಯ ಖಾತೆಗೆ ವರ್ನಾ ಬರೆಯುತ್ತಾಳೆ.

ಶಿಕ್ಷೆಯಾದ ಮೇಲೂ ನಲವತ್ತೊಂದು ದಿನ
ನಮ್ಮಲ್ಲೇ ಕೊಳೆತ ಲೂಷಿಯಸ್.
ರಾಜ್ಯ ಕೊಡುವ ದಿನದ ದುಡ್ಡು
ಅವನ ಇನ್ಸುಲಿನ್ನಿಗೇ ಸಾಲದು.
ಕರಕೊಂಡು ಹೋಗಿರೆಂದರೆ ಮಂಚ ಖಾಲಿಯಿಲ್ಲ ಅಂದರು.
ನಿನ್ನೆ ಒಂದು ಖಾಲಿಯಾಯಿತಂತೆ.
ಹೇಗೆಂದು ಯಾರೂ ಕೇಳಲಿಲ್ಲ.

ವ್ಯಾನು ಹತ್ತುವಾಗ ಅವನು ಕೇಳಿದ್ದು ಒಂದೇ:
ಅಲ್ಲಿಗೆ ಬಸ್ಸಿದೆಯಾ?
ಅವನಮ್ಮ ಭಾನುವಾರ ಲಾಂಡ್ರಿ ಪಾಳಿ ಮುಗಿಸಿ
ನಡೆದೇ ಬರುತ್ತಿದ್ದಳು, ನಾಲ್ಕು ಬೀದಿ.
ನಾನು ಸ್ಟಿಯರಿಂಗಿನವನು. ಕನ್ನಡಿ ಸರಿಮಾಡಿಕೊಂಡೆ.

ಇಳಿಸಿ, ಸಹಿ ಹಾಕಿಸಿ, ಬೇಡಿ ವಾಪಸು ತಂದೆ.
ಅರ್ಕಾನ್ಸಾಸಿನ ಹತ್ತಿಹೊಲಗಳುದ್ದಕ್ಕೂ
ಹಿಂದಿನ ಸೀಟಲ್ಲಿ ಅದರದೇ ಗಲಗಲ.
ಖಾಲಿ ಬಂದ ಮೈಲಿಯನ್ನೂ ವರ್ನಾ ಕೂಡಿಸಿದಳು.

ಬ್ರೆಡ್ಡನ್ನು ಅವನು ಮುಟ್ಟಿರಲಿಲ್ಲ.
ಅರ್ಧ ದಾರಿಯಲ್ಲಿ ನಾನೇ ತಿಂದೆ.
ಅದನ್ನು ಹೇಳಲಿಲ್ಲ.